ಸಿಕ್ಕಾ ಹೊಡೆದ ನೋಟಿಸು

ನಮ್ಮ ಕಾಲೇಜಿನ ವೆಬ್‌ಸೈಟು ನೋಡಿಕೊಳ್ಳುವವಳು ನಾನೇ ಎಂದು ಈಗ ನಾಲ್ಕು ಜನರ ಮುಂದೆ ಎದೆಯುಬ್ಬಿಸಿ ಹೇಳುತ್ತೇನೆ. ಮೊದಲು ಹಾಗಿರಲಿಲ್ಲ. ಸೇಡಂನ ಈ ಕಾಲೇಜಿನಲ್ಲಿ ನಾನು ಕ್ಲರ್ಕು. ನೋಟಿಸು ಬರೆದು, ಪ್ರಿನ್ಸಿಪಾಲರ ಸಹಿ ಮಾಡಿಸಿ, ಕಾಲೇಜಿನ ಮೊಹರು, ಅಂದರೆ ಸಿಕ್ಕಾ, ಹೊಡೆದು, ಆ ಕಾಗದದ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕುತ್ತಿದ್ದೆ. ನಮ್ಮ ಕಡೆ ದುಂಡನೆಯ ಸಿಕ್ಕಾ ಕಾಣದಿದ್ದರೆ ದೇವರೇ ಬರೆದ ಕಾಗದವನ್ನೂ ಯಾರೂ ನಂಬುವುದಿಲ್ಲ.

ಒಂದು ದಿನ ನಮ್ಮ ತಾಲೂಕಿನದೇ ಆದ ಮುಧೋಳದ ವಿದ್ಯಾರ್ಥಿನಿಯೊಬ್ಬಳು ತಂದೆಯ ಕೈ ಹಿಡಿದು ನನ್ನ ಕಿಟಕಿಗೆ ಬಂದಳು. ಹುಟ್ಟಿನಿಂದ ಕಣ್ಣು ಕಾಣದವಳು. ಸ್ಕಾಲರ್‌ಶಿಪ್ ಅರ್ಜಿಗೆ ಕೊನೆಯ ದಿನ ಯಾವುದೆಂದು ಕೇಳಿದಳು. ಹೋದ ವರ್ಷ ತಡವಾಗಿ ತಿಳಿದು ಅದು ತಪ್ಪಿತ್ತಂತೆ. ಈ ಸಲವೂ ತಪ್ಪಿದರೆ ಓದು ಬಿಡಬೇಕಿತ್ತು.

"ವೆಬ್‌ಸೈಟಿನಾಗ ಹಾಕೀನಲ್ಲ, ನೋಡ್ಕೋಬೇಕಿಲ್ಲೋ?" ಎಂದು ಗದರಿದೆ.

ಅವಳು ಫೋನ್ ತೆಗೆದು ನಮ್ಮ ಪುಟದ ಮೇಲೆ ಬೆರಳಾಡಿಸಿದಳು. "ಚಿತ್ರ. ಚಿತ್ರ. ಚಿತ್ರ," ಎಂದಿತು ಫೋನು.

"ಬ್ಯಾರೆ ಎಲ್ಲಾ ಓದಿ ಹೇಳ್ತದ್ರಿ ಮೇಡಂ, ಖರೆ ನಿಮ್ಮ ನೋಟಿಸು ಫೋಟೋ ಅದಾವಲ್ರಿ, ಅವನ್ನಷ್ಟೇ ಓದಂಗಿಲ್ಲ."

ನನಗೆ ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಸಿಟ್ಟೂ ಬರುತ್ತದೆ. ತಾರೀಖು ಹೇಳಿ ಕಳಿಸಿ, ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಇನ್ನು ಮೇಲೆ ನೋಟಿಸನ್ನು ಅಕ್ಷರದಲ್ಲೇ ಹಾಕುತ್ತೇನೆ ಎಂದೆ.

"ಒಬ್ಬಾಕಿ ಸಲುವಾಗಿ ಇಷ್ಟೆಲ್ಲಾ ಯಾಕ್ರಿ? ಸಿಕ್ಕಾ ಇಲ್ಲಂದ್ರ ಮಂದಿ ನಂಬ್ತಾರೇನು?"

"ಸಿಕ್ಕಾ ಕೆಳಗ ಇರ್ಲಿ ಸರ್, ಅಕ್ಷರ ಮ್ಯಾಲ ಇರ್ಲಿ. ಈಕಿ ಒಬ್ಬಾಕಿ ಬಂದು ಹೇಳ್ಯಾಳ. ಹೇಳಲಾರ್ದೋರು ಎಷ್ಟು ಮಂದಿ ಅದಾರೋ ಯಾರಿಗ್ಗೊತ್ತು?"

ಅವರು ಕನ್ನಡಕ ತೆಗೆದು ಒರೆಸಿದರು. "ಮಾಡ್ರಿ. ಖರೆ ಆಫೀಸ್ ಕೆಲಸ ನಿಲ್ಲಬಾರ್ದು."

ನಾಲ್ಕು ದಿನ ಊಟದ ಬಿಡುವಿನಲ್ಲಿ ಕೂತು ಎಲ್ಲ ನೋಟಿಸು ಟೈಪು ಮಾಡಿದೆ. ವೆಬ್‌ಸೈಟಿನಲ್ಲೇ ತುಂಬುವ ಸ್ಕಾಲರ್‌ಶಿಪ್ ಅರ್ಜಿಯ ಕೊನೆಗೆ ಸೊಟ್ಟ ಅಕ್ಷರಗಳ ಚಿತ್ರ ನೋಡಿ ಬರೆಯಬೇಕಾದ ಕಿತಾಪತಿಯೊಂದಿತ್ತು. ವೆಬ್‌ಸೈಟು ಮಾಡಿಕೊಟ್ಟವನ ಬೆನ್ನು ಹತ್ತಿ ಅದನ್ನೂ ತೆಗೆಸಿದೆ. ಆಮೇಲೆ ಅವಳಿಗೆ ಫೋನ್ ಮಾಡಿ, ಮನೆಯಲ್ಲೇ ಅರ್ಜಿ ತುಂಬಿ ನೋಡು ಎಂದೆ. ಹತ್ತೇ ನಿಮಿಷಕ್ಕೆ ತಿರುಗಿ ಫೋನ್ ಬಂತು.

"ಮೇಡಂ, ತಾಲೂಕಿನ ಹೆಸರು ಬರಿಯೋ ಖಾನೆಗೆ ಬಂದ್ರ ಫೋನ್ ಮಾತಾಡವಲ್ದು."

ನನ್ನ ತಪ್ಪು ಹಿಡಿದಳಲ್ಲ ಎಂದು ಖುಷಿಯೇ ಆಯಿತು. ಸರಿಪಡಿಸಿದೆವು.

ನಮ್ಮಲ್ಲಿ ಬಹಳಷ್ಟು ಮಕ್ಕಳು ಅರ್ಜಿಯನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗಳಲ್ಲಿ ದುಡ್ಡು ಕೊಟ್ಟು ತುಂಬಿಸುತ್ತಾರೆ. ಅದಕ್ಕೆಂದೇ 'ಅರ್ಜಿ ತುಂಬಿದವರು ಯಾರು' ಎಂಬ ಖಾನೆಯಿದೆ. ಕೊನೆಯ ದಿನಕ್ಕೆ ಎರಡು ದಿನ ಮೊದಲೇ ಅವಳ ಅರ್ಜಿ ಬಂತು. ಪ್ರಿಂಟ್ ತೆಗೆದು ಪ್ರಿನ್ಸಿಪಾಲರ ಮುಂದಿಟ್ಟು ಆ ಖಾನೆಯ ಮೇಲೆ ಬೆರಳಿಟ್ಟೆ. ಉಳಿದವರು ಅಂಗಡಿಯ ಹೆಸರು ಬರೆಯುವ ಜಾಗದಲ್ಲಿ ಅವಳು 'ನಾನೇ' ಎಂದು ಬರೆದಿದ್ದಳು.