ನನ್ನ ದಮ್ಮು, ಅವಳ ಬ್ರೇಕು

ನಾನು ನಿವೃತ್ತ ಡ್ರಿಲ್ ಮೇಷ್ಟ್ರು. ಕೊಡಿಗೇನಹಳ್ಳಿಯ ಅರ್ಧ ಊರಿಗೆ ಸೈಕಲ್ ಕಲಿಸಿದವನು. ಉಳಿದರ್ಧ ನನ್ನ ಬೈಗುಳಕ್ಕೆ ಹೆದರಿ ತಾನಾಗಿಯೇ ಕಲಿತುಕೊಂಡಿತು. ಹೀಗಿರುವಾಗ ಆರು ವರ್ಷದ ಮೊಮ್ಮಗಳು ಯಾವ ಲೆಕ್ಕ ಎಂದುಕೊಂಡು, ಕಳೆದ ಬೇಸಿಗೆ ರಜದ ಕೊನೆಯ ವಾರ ಅವಳ ಕೆಂಪು ಸೈಕಲ್ಲಿನ ಪುಟ್ಟ ಸೈಡ್ ಚಕ್ರಗಳನ್ನು ಬಿಚ್ಚಿ ಅಟ್ಟಕ್ಕೆಸೆದೆ.

ಅವಳಿಗೆ ಅವಸರವಿತ್ತು. ಸೋಮವಾರ ಶಾಲೆ ಶುರು. ನಮ್ಮ ಬೀದಿಯ ಹುಡುಗಿಯರೆಲ್ಲ ಸಾಲಾಗಿ ಸೈಕಲ್ಲಿನಲ್ಲೇ ಹೋಗುವುದು. ತಾನೂ ಬರುತ್ತೇನೆಂದು ಎಲ್ಲರೆದುರು ಕೊಚ್ಚಿಕೊಂಡು ಬಂದಿದ್ದಳು. ಕಲಿಯದಿದ್ದರೆ ನನ್ನ ಹಳೆಯ ಸ್ಕೂಟರಿನ ಮುಂದೆ ನಿಂತುಕೊಂಡು ಹೋಗಬೇಕು. "ಸ್ಕೂಟರಲ್ಲಿ ಪಾಪುಗಳು ಹೋಗ್ತಾವೆ ತಾತ" ಎಂದು ಮೊದಲೇ ಹೇಳಿಬಿಟ್ಟಿದ್ದಳು.

ನನ್ನ ವಿಧಾನ ಸರಳ. ಸೀಟಿನ ಹಿಂಭಾಗ ಹಿಡಿದು ಓಡುವುದು, ಬ್ಯಾಲೆನ್ಸ್ ಬಂತೆನಿಸಿದ ಕೂಡಲೇ ಹೇಳದೆ ಕೇಳದೆ ಕೈಬಿಡುವುದು, ಆಮೇಲೆ ಧೈರ್ಯಕ್ಕೆ "ಆಗುತ್ತೆ, ಆಗುತ್ತೆ" ಎಂದು ಹಿಂದಿನಿಂದ ಕೂಗುತ್ತ ಬರುವುದು.

ಶಾಲೆಯ ಮೈದಾನದಲ್ಲಿ ಮೂರು ದಿನ ಓಡಿದೆ. ಪ್ರತಿ ಸಲವೂ ಅದೇ ಕಥೆ. ಕೈಬಿಟ್ಟ ಮೇಲೆ ನಾಲ್ಕು ಮಾರು ನೆಟ್ಟಗೆ ಹೋಗುತ್ತಾಳೆ, ನಾನು ಕೂಗುತ್ತೇನೆ, ಅವಳು ಗಕ್ಕನೆ ಬ್ರೇಕ್ ಹಿಡಿದು ಧೊಪ್ಪನೆ ಬೀಳುತ್ತಾಳೆ. "ಯಾಕೆ ನಿಲ್ಲಿಸ್ದೆ ಲೇ?" ಅಂದರೆ ಇಂಗು ತಿಂದ ಮಂಗನ ಹಾಗೆ ನೋಡುತ್ತಾಳೆ. ಸೈಕಲ್ಲೇ ಸರಿಯಿಲ್ಲವೆಂದು ಚೈನಿಗೆ ಎಣ್ಣೆ ಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅದು ನನ್ನ ಪಾಡು. ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊರೋಣವೇ ಅನ್ನಿಸಿತು. ದುಡ್ಡು ಕೇಳುವವರ ಸಾಲೇ ಅಷ್ಟುದ್ದ ಇರುವಾಗ ಆ ತಾಯಿಗೆ ಬ್ರೇಕಿನ ತಾಪತ್ರಯ ಬೇರೆ ಯಾಕೆ ಎಂದು ಸುಮ್ಮನಾದೆ.

ಶನಿವಾರ ಬಿದ್ದಾಗ ಮೊಣಕಾಲು ತರಚಿ ರಕ್ತ ಬಂತು. ಎತ್ತುವುದು ಬಿಟ್ಟು ಬಾಯಿಗೆ ಬಂದಂತೆ ಬೈದೆ. "ನಿನ್ ಕೈಲಿ ಆಗಲ್ಲ, ಸ್ಕೂಟರೇ ಗತಿ, ಬುಡು" ಅಂದೆ. ಅವಳು ಅಳಲಿಲ್ಲ. "ಆಗು ಅನ್ನೋದೂ ನೀನೇ, ಯಾಕೆ ನಿಲ್ಲಿಸ್ದೆ ಅನ್ನೋದೂ ನೀನೇ. ನಂಗೆ ಸೈಕಲ್ಲೇ ಬ್ಯಾಡ ಹೋಗು ತಾತ" ಅಂದಳು.

ನನ್ನ ಹೆಂಡತಿ ನಾಗಲಮಡಿಕೆ ಕಡೆಯವಳು, ಮನೆಮಾತು ತೆಲುಗು. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮೊಮ್ಮಗಳು ದಿನವೆಲ್ಲ ಅವಳ ಸೆರಗು ಹಿಡಿದೇ ಬೆಳೆದದ್ದು. ತೆಲುಗಿನಲ್ಲಿ 'ಆಗು' ಅಂದರೆ ನಿಲ್ಲು. ಅರವತ್ತೈದರ ಈ ಮುದುಕ ಓಡುತ್ತ ಕೂಗುವಾಗ 'ಆಗುತ್ತೆ'ಯ 'ತ್ತೆ' ದಮ್ಮಿಗೆ ಸಿಕ್ಕಿ ಗಂಟಲಲ್ಲೇ ಉಳಿಯುತ್ತಿತ್ತು. ಅವಳಿಗೆ ಕೇಳುತ್ತಿದ್ದದ್ದು ಬರೀ 'ಆಗು, ಆಗು'. ಇಡೀ ಸರ್ವೀಸಿನಲ್ಲಿ ಅಷ್ಟು ವಿಧೇಯ ಶಿಷ್ಯೆ ನನಗೆ ಸಿಕ್ಕಿರಲಿಲ್ಲ, ಅವಳನ್ನೇ ಬೈದಿದ್ದೆ.

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಮದುವೆಯಾದಾಗಿನಿಂದ ಹೆಂಡತಿ ನನಗೆ 'ಆಗಂಡಿ, ಆಗಂಡಿ' ಅನ್ನುತ್ತಲೇ ಇದ್ದಾಳೆ. ಜಗಳದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮಗನ ಮೇಲೆ ಕೈಯೆತ್ತಿದಾಗ. ಒಂದು ಸಲವೂ ನಿಂತವನಲ್ಲ ನಾನು. ಆ ಮಾತಿಗೆ ಅರ್ಥವಿದೆ ಎಂಬುದೇ ಮರೆತುಹೋಗಿತ್ತು. ನಿಜವಾಗಿಯೂ ನಾಚಿಕೆಯಾಯಿತು.

"ತಾತ ಆಗು ಅಂದ್ರೆ ನಿಲ್ಲಬ್ಯಾಡ ಕಣಮ್ಮ. ಇನ್ನೂ ಜೋರಾಗಿ ತುಳಿ" ಎಂದು ಪುಸಲಾಯಿಸಿದೆ. ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಬೀದಿಯಲ್ಲೇ ಕೈಬಿಟ್ಟೆ. ಹೋದಳು ನೋಡಿ, ಮೇಷ್ಟ್ರ ಮೊಮ್ಮಗಳು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು ಬೀಗುತ್ತ ನಿಂತಿದ್ದೆ. ಬೀದಿ ಇಳಿಜಾರು ಎಂಬುದೂ, ಅದರ ತುದಿಗೆ ಟಾರ್ ರೋಡು ಇದೆ ಎಂಬುದೂ ನೆನಪಾದದ್ದು ಹಿಂದೂಪುರದ ಬಸ್ಸಿನ ಹಾರನ್ ಕೇಳಿದ ಮೇಲೆ.

"ಆಗು, ಆಗು" ಎಂದು ಗಂಟಲು ಹರಿಯುವಂತೆ ಅರಚುತ್ತ ಓಡಿದೆ. 'ನಿಲ್ಲು' ಅನ್ನುವ ಕನ್ನಡ ಪದವೊಂದಿದೆ ಎಂಬುದು ಆ ಗಳಿಗೆಯಲ್ಲಿ ತಲೆಗೇ ಬರಲಿಲ್ಲ. ಮೊಮ್ಮಗಳು, ಹೇಳಿಕೊಟ್ಟ ಹಾಗೆ, ಇನ್ನೂ ಜೋರಾಗಿ ತುಳಿದಳು.

ಬೀದಿಯ ತುದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ನನ್ನ ಹೆಂಡತಿ ತಲೆಯೆತ್ತಿ ನೋಡಿದಳು. ಕೂಗಲೂ ಇಲ್ಲ, ಒಂದೇ ಸಲ "ಆಗು" ಅಂದಳು. ಮೊಮ್ಮಗಳು ಬ್ರೇಕ್ ಹಿಡಿದು, ಎರಡೂ ಕಾಲೂರಿ, ಬೀಳದೆ ನಿಂತಳು. ಅವಳ ಮುಂದೆ ಬಸ್ಸು ಹಾದುಹೋಯಿತು.

ನಾನು ಮಾತ್ರ ಇನ್ನೂ ಅರಚುತ್ತ ಓಡುತ್ತಲೇ ಇದ್ದೆ. ಹೆಂಡತಿ ಬಿಂದಿಗೆ ಕೆಳಗಿಟ್ಟು ನನ್ನ ಕಡೆ ತಿರುಗಿ "ಆಗಂಡಿ" ಅಂದಳು.

ನಿಂತೆ.