ಡಬ್ಬಿ ನುಂಗಿದ ಕೂಗು

ನಾನು ನಿಂತಿದ್ದು ರಂಗದ ಎಡಗಡೆಯ ಪರದೆಯ ಮರೆಯಲ್ಲಿ, ಆಕೆಯಿಂದ ಎರಡು ಮಾರು ದೂರದಲ್ಲಿ. ಎಂಬತ್ತರ ದಶಕದ ಆರಂಭ, ನಮ್ಮ ನಾಟಕ ಕಂಪನಿಯ ಜಗಳೂರು ಕ್ಯಾಂಪು, ಭಾನುವಾರ ಮಧ್ಯಾಹ್ನದ ಆಟದ ಮೂರನೇ ಅಂಕ. ಮರೆಯಿಂದ ಮಾತು ಎತ್ತಿಕೊಡುವ ಪ್ರಾಂಪ್ಟರ್ ಕೆಲಸ ನನ್ನದು. ಇಷ್ಟು ವರ್ಷಗಳ ಮೇಲೆ, ಮೊನ್ನೆ ಚನ್ನಗಿರಿಯ ಮದುವೆಯೊಂದರಲ್ಲಿ ಹಳೆಯ ಆಂಪ್ಲಿಫೈಯರ್ ಕಾದು ಸುಟ್ಟ ಧೂಳಿನ ವಾಸನೆ ಬಂತು. ಊಟ ಬಿಟ್ಟು ಎದ್ದೆ. ಆ ಮಧ್ಯಾಹ್ನ ಟೆಂಟಿನಲ್ಲಿದ್ದದ್ದೂ ಅದೇ ವಾಸನೆ...

ಆಕೆಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ತಾಯಿಯ ಪಾತ್ರ. ಮಗನ ಹೆಣದ ಮುಂದೆ ಒಮ್ಮೆ ಕೂಗುತ್ತಿದ್ದಳು, ಅಷ್ಟೇ, ಮಾತಿಲ್ಲ. ಚನ್ನಗಿರಿ ಕ್ಯಾಂಪಿಗೆ ಕೆರೆಬಿಳಚಿಯ ಹೆಂಗಸರು ಗಾಡಿ ಕಟ್ಟಿಸಿಕೊಂಡು ಬಂದದ್ದು ಆ ಕೂಗು ಕೇಳಲೆಂದೇ. ಬೇರೆ ಪಾತ್ರಗಳಿಗೆ ವಯಸ್ಸು ದಾಟಿತ್ತು. ಕಂಪನಿಯಲ್ಲಿ ಆಕೆಗೆ ಉಳಿದಿದ್ದ ಜಾಗ ಆ ಕೂಗೊಂದೇ.

ಆದರೆ ಅದನ್ನು ಟೆಂಟಿನ ಲೌಡ್‌ಸ್ಪೀಕರ್ ಹಾರ್ನ್‌ಗಳು ತಾಳುತ್ತಿರಲಿಲ್ಲ. ಸೌಂಡಿನವನು ಕೂಗಿಗೆ ಕ್ಷಣ ಮುಂಚೆ ಸದ್ದಿನ ಗುಂಡಿ ಇಳಿಸಿ, ಆಮೇಲೆ ಏರಿಸುತ್ತಿದ್ದ. ಹೊನ್ನಾಳಿಯಲ್ಲಿ ಒಮ್ಮೆ ಕೈ ತಡವಾಗಿ ಹಾರ್ನ್ ಸುಟ್ಟಿತು. ಮಾಲೀಕರ ಬೈಗುಳ ತಿಂದು, ಹುಬ್ಬಳ್ಳಿಗೆ ಹೋಗಿ ಹಳೆಯದೊಂದು ಕಂಪ್ರೆಸರ್ ಡಬ್ಬಿ ತಂದ. ದನಿ ಜೋರಾದರೆ ಅದು ತಾನಾಗಿಯೇ ಒತ್ತಿ ಹಿಡಿಯುತ್ತಿತ್ತು. ಮೆಲ್ಲಗಾದರೆ ಎತ್ತಿ ಕೊಡುತ್ತಿತ್ತು. ಅಕ್ಕನ ಗಂಟಲಿಗೂ ಸುಖವಾಯಿತೆಂದು ಅವನು ನಿಜವಾಗಿಯೂ ನಂಬಿದ್ದ.

ಮೊದಲ ದಿನವೇ ಆಕೆ ಬಣ್ಣ ಒರೆಸದೆ ಅವನ ಮೇಜಿಗೆ ಬಂದಳು.

"ನಿನ್ ಡಬ್ಬಿ ನನ್ ಕೂಗು ನುಂಗೈತಲ್ಲೋ! ನೀರು ಕೇಳಿದ್ರೂ ಅಷ್ಟೇ ಸದ್ದು, ಮಗ ಸತ್ರೂ ಅಷ್ಟೇ ಸದ್ದು."

"ಅಕ್ಕಾ, ನೀವು ಕೂಗಾಕೆ ಹೋಗಬ್ಯಾಡ್ರಿ. ಮೆಲ್ಲಗೆ ಅತ್ರೂ ಹಿಂದಿನ ಬೆಂಚಿಗೆ ಮುಟ್ಟತೈತೆ."

"ಮೆಲ್ಲಗೆ ಅಳಾಕೆ ನಾನೇನು ನೆಂಟರ ಮನೆ ಸಾವಿಗೆ ಬಂದೀನೇನೋ?"

ಎಲ್ಲರೂ ನಕ್ಕರು. ಆಕೆ ನಗಲಿಲ್ಲ. "ಈ ಕೂಗು ಹೋದ್ರೆ ಮಾಲೀಕರು ನನ್ನ ಅಡಿಗಿ ಮನೀಗೆ ಹಾಕ್ತಾರೆ," ಎಂದಳು. ಮಾಲೀಕರು ಡಬ್ಬಿ ತೆಗೆಸಲಿಲ್ಲ. ಹಾರ್ನ್ ಸುಡದಿದ್ದರೆ ಅವರಿಗೆ ಸಾಕಿತ್ತು.

ಮರೆಯಲ್ಲಿ ನಿಂತ ನನಗೆ ಎರಡು ಕೂಗು ಕೇಳಿಸುತ್ತಿದ್ದವು. ಆಕೆಯ ಗಂಟಲಿನದು ಒಂದು, ಟೆಂಟಿನ ಹಿಂದಿನ ಹಾರ್ನ್‌ನಿಂದ ಮರಳಿ ಬರುತ್ತಿದ್ದುದು ಇನ್ನೊಂದು. ಮೊದಲನೆಯದು ದಿನದಿನಕ್ಕೆ ಬೆಳೆಯಿತು. ಎರಡನೆಯದು ಇದ್ದಷ್ಟೇ ಇತ್ತು. ಆಕೆ ತನ್ನ ಕೂಗನ್ನು ಅಳೆದದ್ದು ಎರಡನೆಯದರಿಂದ. ಆಕೆ ಎಷ್ಟು ಏರಿಸಿದರೆ ಡಬ್ಬಿ ಅಷ್ಟು ಒತ್ತುತ್ತಿತ್ತು. ಆಟ ಮುಗಿದ ಮೇಲೆ ಉಪ್ಪುನೀರು ಮುಕ್ಕಳಿಸುತ್ತಾ ನನ್ನನ್ನು ಕೇಳುತ್ತಿದ್ದಳು: "ಇವತ್ತು ಹೋತೇನಪ್ಪಾ, ಹಿಂದಿನ ತನಕ?" ಹೋಯಿತು ಎಂದರೆ ನಂಬುತ್ತಿರಲಿಲ್ಲ...

ಜಗಳೂರಿನಲ್ಲಿ ಆ ಮಧ್ಯಾಹ್ನ ಕೂಗು ಎದ್ದಿತು. ನಡುವೆ ಹಳೇ ಸೀರೆ ಹರಿದಂತೆ ಹರಿಯಿತು. ಆಮೇಲೆ ಬರೀ ಗಾಳಿ. ಆಕೆ ಗಂಟಲು ಹಿಡಿದುಕೊಂಡಳು. ಬಾಯಿ ತೆರೆದೇ ಇತ್ತು. ದನಿ ಇಳಿದಿದ್ದರಿಂದ ಡಬ್ಬಿ ತನ್ನ ಕೆಲಸ ಮಾಡಿತು: ಆ ಗಾಳಿಯನ್ನೇ ಎತ್ತಿ ಕೊಟ್ಟಿತು. ಗಂಟಲಲ್ಲಿ ಉಸಿರು ಗೀರುವ ಸದ್ದು ಟೆಂಟಿನ ಮೂಲೆಮೂಲೆಗೂ ಹೋಯಿತು. ಹೆಂಗಸರ ಕಡೆ ಅಳು ಎದ್ದಿತು. ಮರುಕ್ಷಣ, ನಾನು ಯಾವ ಕ್ಯಾಂಪಿನಲ್ಲೂ ಕೇಳಿರದಂಥ ಚಪ್ಪಾಳೆ.

"ಏನ್ ಆಕ್ಟಿಂಗ್ ಮಾಡ್ತಾಳಲೇ ಮುದುಕಿ!" ಎಂದ ಯಾರೋ.

ಪರದೆ ಬಿತ್ತು. ಆಕೆ ಸೆರಗಿಗೆ ಉಗುಳಿದಾಗ ಕೆಂಪು ಕಂಡೆ. ಅದನ್ನು ನೋಡದ ಮಾಲೀಕರು ಓಡಿ ಬಂದು ಕೈಮುಗಿದರು: "ಹಿಂಗೆ ನೋಡ್ರಿ! ದಿನಾ ಹಿಂಗೇ ಮಾಡ್ರಿ!" ಆಕೆ ಏನೋ ಹೇಳಲು ಹೋದಳು. ತುಟಿ ಆಡಿತು, ಅಷ್ಟೇ.

ದನಿ ಮರಳಲಿಲ್ಲ. ಮುಂದಿನ ಕ್ಯಾಂಪು ನ್ಯಾಮತಿಯಲ್ಲಿ ಆಕೆ ಅಡಿಗೆಯವರ ಜೊತೆ ಬಡಿಸುತ್ತಿದ್ದಳು. ಸಾರು ಬೇಕೇ ಎಂದು ಸೌಟು ತೋರಿಸಿ ಕೇಳುತ್ತಿದ್ದಳು. ಮಳೆಗಾಲಕ್ಕೆ ತಂಗಿಯ ಮನೆಗೆ ಹೋದವಳು ಬರಲಿಲ್ಲ. ಸೌಂಡಿನವನು ಡಬ್ಬಿ ಬಿಚ್ಚಿಟ್ಟು ಮತ್ತೆ ಕೈಯಲ್ಲೇ ಗುಂಡಿ ತಿರುಗಿಸತೊಡಗಿದ. ಆದರೆ ಇಳಿಸಬೇಕಾದಂಥ ಕೂಗು ಆಮೇಲೆ ಯಾರದೂ ಇರಲಿಲ್ಲ.

ಆಕೆ ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ವರ್ಷಗಳೇ ಕಳೆದಿದ್ದವು. ಮಾಲೀಕರೂ ಇಲ್ಲ, ಹಾರ್ಮೋನಿಯಂ ಮಾಸ್ತರರೂ ಇಲ್ಲ. ಆ ದಿನ ಅಲ್ಲಿದ್ದವರಲ್ಲಿ, ನನಗೆ ತಿಳಿದಂತೆ, ಈಗ ಬದುಕಿರುವವರು ಗೋವಿನಕೋವಿಯಲ್ಲಿರುವ ಸೌಂಡಿನವನು, ನಾನು, ಮತ್ತು ಹೊನ್ನಾಳಿಯಲ್ಲಿರುವ ಮಗನ ಪಾತ್ರದವನು. ಅವನು ಹೆಣವಾಗಿ ಮಲಗಿದ್ದ. ಎಲ್ಲರಿಗಿಂತ ಹತ್ತಿರದಲ್ಲಿ ಆ ಕೂಗು ಹರಿದದ್ದನ್ನು ಕೇಳಿದವನು ಅವನೇ, ಆದರೆ ಕಣ್ಣು ತೆರೆಯುವಂತಿರಲಿಲ್ಲ.