ಕೊಬ್ಬರಿ ಗೋದಾಮಿನಲ್ಲಿ ಗಿಟಾರು

ಎರಡು ವರ್ಷ ನಾನು ಗಿಟಾರ್ ನುಡಿಸಿದೆ. ಯಾರೂ ಕೇಳಲಿಲ್ಲ. ಇದು ಜನರ ಮೇಲಿನ ದೂರಲ್ಲ; ಅದು ನಿಜವಾಗಿಯೂ ಕೇಳಿಸುತ್ತಿರಲಿಲ್ಲ.

ಮದುವೆಗಳಲ್ಲಿ ಹಾಡುವ ತುರುವೇಕೆರೆಯ ನಮ್ಮ ಆರ್ಕೆಸ್ಟ್ರಾದಲ್ಲಿ ಇದ್ದದ್ದು ಎರಡು ಮೈಕು. ಒಂದು ಹಾಡುವವನಿಗೆ. ಇನ್ನೊಂದು ಹಾಡುವವಳು ಬಂದ ದಿನ ಅವಳಿಗೆ, ಬರದ ದಿನ ಹಾರ್ಮೋನಿಯಂಗೆ. ಡ್ರಮ್ಮಿಗೆ ಮೈಕಿನ ಅಗತ್ಯವಿರಲಿಲ್ಲ. ಅದನ್ನು ಬಾರಿಸುತ್ತಿದ್ದವನು ಹೆಣ್ಣಿನ ಕಡೆಯವರ ಮೇಲೆ ಏನೋ ಹಳೆಯ ಸಿಟ್ಟಿದ್ದವನ ಹಾಗೆ ಬಾರಿಸುತ್ತಿದ್ದ. ಇವರೆಲ್ಲರ ಪಕ್ಕದಲ್ಲಿ, ಸ್ಟೇಜಿನ ತುದಿಯಲ್ಲಿ, ನಾನು ಮರದ ಗಿಟಾರನ್ನು ಎದೆಗೆ ಒತ್ತಿಕೊಂಡು ನಿಂತಿರುತ್ತಿದ್ದೆ. ಅದರ ಸದ್ದು ನನಗೇ ಕೇಳಿಸುತ್ತಿರಲಿಲ್ಲ. ಬೆರಳಿನ ಅಂದಾಜಿನ ಮೇಲೆ ನುಡಿಸುತ್ತಿದ್ದೆ.

ಮನೆಯಲ್ಲಿ ಕೂತು ಅಭ್ಯಾಸ ಮಾಡಬಹುದಿತ್ತಲ್ಲ ಎಂದರೆ, ಗಿಟಾರ್ ನನ್ನದಲ್ಲ, ಆರ್ಕೆಸ್ಟ್ರಾದ್ದು. ಅದು ಮೈಕ್‌ಸೆಟ್ ಅಂಗಡಿಯ ಸಾಬರ ಹಿಂದಿನ ಕೋಣೆಯಲ್ಲಿ, ಬೀಗದೊಳಗೆ ಇರುತ್ತಿತ್ತು. ಅಭ್ಯಾಸವೆಂದರೆ ಎಲ್ಲರೂ ಒಟ್ಟಿಗೆ, ಡ್ರಮ್ಮಿನ ಸಮೇತ. ತಿಪಟೂರಿನ ಹಾಸ್ಟೆಲ್ಲಿನಲ್ಲಿ ಬಿ.ಎ. ಓದುವಾಗ ಪಕ್ಕದ ಕೋಣೆಯವನು ಹೇಳಿಕೊಟ್ಟದ್ದಷ್ಟೇ ನನ್ನ ಸಂಗೀತದ ಬಂಡವಾಳ.

"ನೀನು ನಿಂತ್ರೆ ಸ್ಟೇಜು ತುಂಬ್ದಂಗಿರ್ತದೆ ಕಣ್ಲಾ" ಎಂದು ನಮ್ಮ ಹಾಡುಗಾರ ಹೇಳುತ್ತಿದ್ದ. ಹೊಗಳಿಕೆ ಎಂದೇ ಹೇಳುತ್ತಿದ್ದ. ಮದುವೆಯ ಫೋಟೋಗಳಲ್ಲಿ ನಾನು ಚೆನ್ನಾಗಿ ಬರುತ್ತಿದ್ದೆ.

ಅಪ್ಪ ತೆಂಗಿನ ತೋಟದ ಮನುಷ್ಯ. ಮಾತು ಕಡಿಮೆ, ಆಡಿದರೆ ಗಾಯವಾಗುವಷ್ಟು ನೇರ. ಅವನು ನಮ್ಮ ಆರ್ಕೆಸ್ಟ್ರಾ ಇದ್ದ ಒಂದೆರಡು ಮದುವೆಗೆ ಬಂದು, ಊಟಕ್ಕೂ ಮುಂಚೆ ಮುಂದಿನ ಸಾಲಿನಲ್ಲಿ ಕೂತು, ಪೂರ್ತಿ ಕೇಳಿಸಿಕೊಂಡಿದ್ದ. ಮನೆಗೆ ಬಂದ ಮೇಲೆ ಕೇಳಿದ.

"ಡ್ರಮ್ಮು ಕೇಳಿಸ್ತು. ಹಾಡು ಕೇಳಿಸ್ತು. ನಿಂದ್ಯಾವುದ್ಲಾ?"

ಅಣಕವಲ್ಲ. ನಿಜವಾಗಿಯೂ ಗೊತ್ತಾಗಿರಲಿಲ್ಲ. ನಾನು ಏನೋ ವಿವರಿಸಲು ಹೋದೆ, ಅವನು ತಲೆಯಾಡಿಸಿದ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಸೋದರಮಾವ ಬಂದು, ಅಮ್ಮಸಂದ್ರದಲ್ಲಿ ನನಗೊಂದು ಗುಮಾಸ್ತನ ಕೆಲಸಕ್ಕೆ ಮಾತಾಡಿದ್ದೇನೆ ಎಂದ. ಯುಗಾದಿಯೊಳಗೆ ಹೂಂ ಇಲ್ಲ ಊಹೂಂ ಹೇಳಬೇಕು. ಹೂಂ ಎಂದರೆ ಆರ್ಕೆಸ್ಟ್ರಾ ಬಿಟ್ಟ ಹಾಗೆಯೇ. ಅವ್ವ ಆಗಲೇ ಹೂಂ ಎಂದಾಗಿತ್ತು. ನಾನು ಗೋಡೆ ನೋಡುತ್ತ ಕೂತಿದ್ದೆ. ಎಲ್ಲರೂ ಅಪ್ಪನ ಮುಖ ನೋಡಿದರು.

"ಇವನು ನುಡ್ಸೋದ್ನ ನಾನು ಇನ್ನೂ ಕೇಳಿಲ್ಲ" ಎಂದ ಅಪ್ಪ. "ಕೇಳದೆ ಹೆಂಗಪ್ಪ ಬುಡು ಅನ್ನಾದು? ಒಂದ್ಸಲ ಕೇಳಿಸ್ಲಿ. ಆಮೇಲೆ ಹೇಳ್ತೀನಿ."

ಮಾವನಿಗೆ ಇದು ತಲೆಹರಟೆಯಾಗಿ ಕಂಡಿತು. ನನಗೆ ಅಪ್ಪನ ಕಾಲು ಹಿಡಿಯುವಷ್ಟು ಸಂತೋಷವಾಯಿತು. ಕೇಳಿಸುವುದು ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದೇ ಸಮಯಕ್ಕೆ ಮೈಕ್‌ಸೆಟ್ ಸಾಬರು ಸುದ್ದಿ ತಂದರು. ಬೆಂಗಳೂರಿನಿಂದ ಒಬ್ಬ ಏಜೆಂಟ್ ಎಲೆಕ್ಟ್ರಿಕ್ ಗಿಟಾರು, ಆಂಪ್ಲಿಫೈಯರು ತರುತ್ತಾನೆ, ಒಂದು ಸಂಜೆ ಎಲ್ಲರ ಎದುರಿಗೆ ನುಡಿಸಿ ತೋರಿಸುತ್ತಾನೆ, ಊರಿನ ಕಲಾವಿದರೂ ಕೈಯಾಡಿಸಿ ನೋಡಬಹುದು. ಊರಿನ ಕಲಾವಿದರು ಅಂದರೆ ನಾನೊಬ್ಬನೇ ಎಂದು ಸಾಬರು ಲೆಕ್ಕ ಹಾಕಿ ಹೇಳಿದರು. ನಾನು ಮನೆಗೆ ಬಂದು ಅಪ್ಪನಿಗೆ ತಿಳಿಸಿದೆ. "ಬತ್ತೀನಿ" ಎಂದ.

ಮಾಯಸಂದ್ರದ ರಸ್ತೆಯಲ್ಲಿ, ಊರು ಮುಗಿದು ತೋಟಗಳು ಶುರುವಾಗುವ ಕಡೆ ಒಂದು ಕೊಬ್ಬರಿ ಗೋದಾಮಿತ್ತು. ಚೀಲಗಳನ್ನು ಒಂದು ಗೋಡೆಗೆ ಸರಿಸಿ, ಮೂರು ಮೇಜು ಸೇರಿಸಿ ಸ್ಟೇಜು ಮಾಡಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋದಾಮು ತುಂಬಿತ್ತು. ಬಂದವರಲ್ಲಿ ಗಿಟಾರು ಕೊಳ್ಳುವವರು ಯಾರೂ ಇರಲಿಲ್ಲ. ಎಲ್ಲ ತೋಟದವರು. ಬೇಸಿಗೆ, ಸಂಜೆ, ಪುಕ್ಕಟೆ, ಇನ್ನೇನು ಬೇಕು.

ಹೊಸ ಯಂತ್ರಕ್ಕೆ ಪೂಜೆಯಿಲ್ಲದೆ ಕರೆಂಟು ಕೊಡುವುದು ಗೋದಾಮಿನ ಯಜಮಾನರಿಗೆ ಒಪ್ಪಿಗೆಯಿರಲಿಲ್ಲ. ಆಂಪ್ಲಿಫೈಯರಿಗೆ ಹಾರ ಹಾಕಿದರು. ಪ್ರತಿಯೊಂದು ತಿರುಗಣೆಗೂ ಅರಿಶಿನ ಕುಂಕುಮ ಇಟ್ಟರು. ಏಜೆಂಟು ಹಿಂದೆಯೇ ಹೋಗಿ ಕರವಸ್ತ್ರದಲ್ಲಿ ಒರೆಸಿಕೊಂಡು ಬಂದ, ಅಂಕಿಗಳು ಕಾಣುತ್ತಿರಲಿಲ್ಲ. ಕಾಯಿ ಒಡೆದಾಗ ನೀರು ವೈರಿನ ಮೇಲೆ ಹಾರೀತೆಂದು ಅವನು ಅಡ್ಡ ನಿಂತು ತನ್ನ ಪ್ಯಾಂಟಿನ ಮೇಲೆ ಹಾರಿಸಿಕೊಂಡ. ಪಾಪ, ಆ ಪ್ಯಾಂಟಿಗೆ ಇಸ್ತ್ರಿ ಚೆನ್ನಾಗಿತ್ತು.

ಆಮೇಲೆ ಅವನು ನುಡಿಸಿದ. ಚೆನ್ನಾಗಿ ನುಡಿಸಿದ ಎಂದೇ ಕಾಣುತ್ತದೆ. ಮೊದಲ ಏಟಿಗೆ ತಗಡಿನ ಚಾವಣಿ ಅದುರಿತು, ತೊಲೆಯ ಮೇಲಿದ್ದ ಪಾರಿವಾಳಗಳು ಆಚೆಗೆ ಹಾರಿದವು, ಜನ ಕದಲಲಿಲ್ಲ. ಒಂದು ಹಾಡು ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು "ಜೋರಾಗೈತೆ" ಎಂದರು. ಉಳಿದವರು ತಲೆದೂಗಿದರು. ಅದೇ ವಿಮರ್ಶೆ.

"ಏನಾದರೂ ಕೇಳಬೇಕಾದರೆ ಕೇಳಿ" ಎಂದ ಏಜೆಂಟು.

"ಇದಕ್ಕೆ ಕೋತಿ ಹೆದರ್ತವಾ?" ಎಂದು ಹಿಂದಿನಿಂದ ಒಬ್ಬರು ಕೇಳಿದರು.

ಏಜೆಂಟು ಸ್ವಲ್ಪ ಯೋಚಿಸಿ, ಹೆದರುತ್ತವೆ ಎಂದ. ಆಮೇಲೆ ತೋಟಕ್ಕೆ ವೈರು ಎಳೆಯುವುದು ಹೇಗೆ, ಗಿಟಾರಿಲ್ಲದೆ ಬರಿಯ ಪೆಟ್ಟಿಗೆ ಕೊಡುತ್ತೀರಾ ಎಂದು ಮಾತು ಬೆಳೆಯಿತು. ಅವನ ಮುಖ ಬಾಡುತ್ತಿರುವುದನ್ನು ನೋಡಿ ಸಾಬರು ಎದ್ದು ನಿಂತು, ಈಗ ನಮ್ಮೂರಿನ ಕಲಾವಿದರು ಎಂದು ನನ್ನ ಕಡೆ ಕೈ ತೋರಿಸಿದರು.

ಅಪ್ಪ ಮಧ್ಯದ ಸಾಲಿನ ಬೆಂಚಿನಲ್ಲಿ, ಟವೆಲನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ಕೂತಿದ್ದ. ನಾನು ಮೇಜು ಹತ್ತಿ ಗಿಟಾರನ್ನು ಹೆಗಲಿಗೆ ಹಾಕಿಕೊಂಡೆ. ಎರಡು ವರ್ಷದಿಂದ ಪ್ರತಿ ಮದುವೆಯಲ್ಲೂ ನುಡಿಸುತ್ತಿದ್ದ ಹಾಡನ್ನೇ ಎತ್ತಿಕೊಂಡೆ.

ನನ್ನ ಕೈಯಿಂದ ಬಂದದ್ದನ್ನು ನಾನು ಅವತ್ತು ಮೊದಲ ಸಲ ಕೇಳಿದೆ.

ಒಂದು ತಂತಿ ಕೊರಗುತ್ತಿತ್ತು, ಒಂದು ಸತ್ತೇ ಹೋಗಿತ್ತು. ಎಡಗೈ ಹಾಡಿನ ಒಂದು ಸಾಲಿನಲ್ಲಿದ್ದರೆ ಬಲಗೈ ಹಿಂದಿನ ಸಾಲಿನಲ್ಲಿತ್ತು. ಡ್ರಮ್ಮಿನ ಮರೆಯಲ್ಲಿ ನಾನು ಎರಡು ವರ್ಷ ಮಾಡಿದ್ದು ಇದನ್ನೇ, ಅದೂ ಕಣ್ಣು ಮುಚ್ಚಿಕೊಂಡು, ತನ್ಮಯನಾಗಿ. ಕಿವಿ ಬಿಸಿಯಾಯಿತು. ನಿಲ್ಲಿಸಲು ಗೊತ್ತಾಗದೆ ಮುಂದುವರಿಸಿದೆ.

ಆಗ ಟ್ಯೂಬ್‌ಲೈಟು ಒಂದು ಸಲ ಹೋಗಿ ಬಂತು. ಆ ಕೂಡಲೇ ಗೋದಾಮಿನಲ್ಲಿದ್ದ ಗಂಡಸರೆಲ್ಲ ಎದ್ದು ನಿಂತರು.

ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ದೀಪ ಉರಿಯುವ ಕರೆಂಟು ದಿನವೆಲ್ಲ ಹೇಗೋ ಇರುತ್ತಿತ್ತು. ಬಾವಿಯ ಪಂಪು ಓಡಿಸುವ ತ್ರೀ ಫೇಸ್ ಕರೆಂಟು ದಿನಕ್ಕೆ ಒಂದಿಷ್ಟು ಹೊತ್ತು, ಅದೂ ಕರೆಂಟಿನವರು ಕೊಟ್ಟಾಗ. ಅವತ್ತು ನಡುರಾತ್ರಿಗೆ ಬರಬೇಕಿತ್ತು. ದೀಪ ಒಂದು ಸಲ ಕಣ್ಣು ಮಿಟುಕಿಸಿದರೆ ತ್ರೀ ಫೇಸ್ ಬಂತು ಎಂದು ಅರ್ಥ. ಈಗ ಬಿಟ್ಟರೆ ಮತ್ತೆ ಯಾವಾಗಲೋ. ತೋಟವಿದ್ದವರು ಊಟದ ಎಲೆ ಬಿಟ್ಟು ಏಳುತ್ತಿದ್ದರು, ಸ್ಮಶಾನದಿಂದ ಓಡಿ ಬರುತ್ತಿದ್ದರು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ನನ್ನ ಅಪ್ಪನಂತೂ ಅಕ್ಕನನ್ನು ಧಾರೆ ಎರೆದ ಒದ್ದೆ ಕೈಯಲ್ಲೇ ಹೋಗಿ ಮೋಟಾರು ಹಾಕಿ ಬಂದವನು. ಮದುವೆಯ ಫೋಟೋದಲ್ಲಿ ಅವನ ಮೊಣಕಾಲಿನವರೆಗೂ ಕೆಸರಿದೆ.

ಸೈಕಲ್ಲುಗಳು ಒಂದರ ಮೇಲೊಂದು ಬೀಳುವ ಸದ್ದು, ಮೊಪೆಡ್ಡು ಶುರುವಾಗುವ ಸದ್ದು, ಆಮೇಲೆ ಏನೂ ಇಲ್ಲ. ಗೋದಾಮು ಖಾಲಿಯಾಯಿತು. ಬೆಂಗಳೂರಿನ ಏಜೆಂಟು ನನ್ನನ್ನು ಮರುಕದಿಂದ ನೋಡಿ, ಹೆಗಲ ಮೇಲೆ ಕೈಯಿಟ್ಟು, "ಬೇಜಾರು ಮಾಡ್ಕೋಬೇಡಿ, ಮೊದಲ ಸಲ ಎಲ್ರಿಗೂ ಹೀಗೇ ಆಗೋದು" ಎಂದ. ನಾನು ವಿವರಿಸಲಿಲ್ಲ. ನಾನು ನುಡಿಸಿದ್ದಕ್ಕೆ ಎದ್ದು ಹೋಗಿದ್ದರೂ ನ್ಯಾಯವಾಗಿಯೇ ಇರುತ್ತಿತ್ತು. ಒಳಗೊಳಗೇ ಸಮಾಧಾನವೂ ಆಯಿತು, ಅಪ್ಪನೂ ಅವರ ಜೊತೆ ಹೋಗಿರುತ್ತಾನೆ ಎಂದು.

ತಲೆಯೆತ್ತಿ ನೋಡಿದರೆ ಅಪ್ಪ ಅಲ್ಲೇ ಕೂತಿದ್ದ. ಸುತ್ತ ಖಾಲಿ ಬೆಂಚುಗಳು. ಟವೆಲು ಹಾಗೆಯೇ ತೊಡೆಯ ಮೇಲಿತ್ತು.

ದೀಪ ಮಿನುಗಿದ್ದು ಅವನಿಗೆ ಗೊತ್ತಾಗಿಲ್ಲವೇನೋ ಎಂದುಕೊಂಡೆ. ಹೊಸದಾಗಿ ನೆಟ್ಟ ತೆಂಗಿನ ಸಸಿಗಳಿಗೆ ನೀರು ಕಾಣಿಸಿ ವಾರ ಕಳೆದಿತ್ತು. ಬೆಳಗ್ಗೆಯೂ ಅದನ್ನೇ ಹೇಳುತ್ತಿದ್ದ.

"ಅಪ್ಪ, ತ್ರೀ ಫೇಸ್ ಬಂತು" ಎಂದೆ.

"ಗೊತ್ತು" ಎಂದ. "ನೀನು ನುಡ್ಸು."

ಸುತ್ತಲಿನ ತೋಟಗಳಲ್ಲಿ ಒಂದೊಂದೇ ಪಂಪು ಶುರುವಾಗತೊಡಗಿತು. ಅವು ಎಳೆದಷ್ಟೂ ಗೋದಾಮಿನ ಕರೆಂಟು ಸೊರಗಿತು. ಟ್ಯೂಬ್‌ಲೈಟು ಆರಿ, ಮೂಲೆಯ ಬಲ್ಬೊಂದು ಕೆಂಪಗೆ ಉಳಿಯಿತು. ಆಂಪ್ಲಿಫೈಯರಿನ ಗಂಟಲು ಕಟ್ಟಿತು. ಏಜೆಂಟು ಎಲ್ಲ ತಿರುಗಣೆಗಳನ್ನೂ ಕೊನೆಯವರೆಗೆ ತಿರುಗಿಸಿ ಕೈಚೆಲ್ಲಿದ. ಸದ್ದು ಈಗ ಮನೆಯ ರೇಡಿಯೋದಷ್ಟೂ ಇರಲಿಲ್ಲ. ಅಪ್ಪ ಎದ್ದು ಬಂದು ಮುಂದಿನ ಸಾಲಿನಲ್ಲಿ, ಮೇಜಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ.

ನಾನು ಹಾಡನ್ನು ಮೊದಲಿನಿಂದ ಕೊನೆಯವರೆಗೂ ನುಡಿಸಿದೆ. ತಪ್ಪಾದ ಕಡೆಯೆಲ್ಲ ತಪ್ಪಾಯಿತು. ಅವನು ಒಂದು ಸಲವೂ ಬಾಗಿಲ ಕಡೆ ನೋಡಲಿಲ್ಲ. ಮುಗಿದ ಮೇಲೆ ಎದ್ದು ಏಜೆಂಟಿಗೆ ಕೈಮುಗಿದು, "ತೊಂದ್ರೆ ಆಯ್ತು ನಿಮ್ಗೆ" ಎಂದು ಹೇಳಿ ಹೊರಗೆ ನಡೆದ.

ನಮ್ಮ ಹಳ್ಳಿ ಅಲ್ಲಿಂದ ದೂರ. ಅಪ್ಪನನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಸೈಕಲ್ ತುಳಿದೆ. ದಾರಿಯುದ್ದಕ್ಕೂ ಎರಡೂ ಕಡೆಯ ತೋಟಗಳಲ್ಲಿ ಪಂಪುಗಳು ಓಡುತ್ತಿದ್ದವು, ಕಾಲುವೆಗಳಲ್ಲಿ ನೀರು ಹರಿಯುತ್ತಿತ್ತು, ಲಾಟೀನು ಹಿಡಿದವರು ಗುದ್ದಲಿಯಿಂದ ಪಾತಿಗೆ ನೀರು ತಿರುಗಿಸುತ್ತಿದ್ದರು. ಅರ್ಧ ದಾರಿಗೆ ಬರುವಷ್ಟರಲ್ಲಿ ಎಲ್ಲವೂ ಒಟ್ಟಿಗೆ ನಿಂತವು. ಕರೆಂಟು ಹೋಗಿತ್ತು.

"ಹೆಂಗಿತ್ತು?" ಎಂದು ನಾನೇ ಕೇಳಿದೆ.

"ಚೆನ್ನಾಗಿರ್ಲಿಲ್ಲ ಕಣ್ಲಾ" ಎಂದ. ಒಂದಷ್ಟು ದೂರ ಹೋದ ಮೇಲೆ, "ಆದ್ರೆ ಪೂರಾ ಕೇಳಿಸ್ತು" ಎಂದ.

"ನಂಗೂ ಕೇಳಿಸ್ತು" ಎಂದೆ. "ಅಮ್ಮಸಂದ್ರಕ್ಕೆ ಹೋಗ್ತೀನಿ ಬುಡಪ್ಪ."

"ನಿನ್ನಿಷ್ಟ. ಹೋಗು ಅಂತ ನಾನು ಹೇಳಿಲ್ಲ."

ಅಷ್ಟು ಸಲೀಸಾಗಿ ಹೇಳಿಬಿಟ್ಟೆನಲ್ಲ ಎಂದು ನನಗೇ ಆಶ್ಚರ್ಯವಾಯಿತು. ದುಃಖವಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಚೆನ್ನಾಗಿರಲಿಲ್ಲ ಎಂಬುದು ಒಬ್ಬ ಮನುಷ್ಯ ಕೂತು ಕೊನೆಯವರೆಗೂ ಕೇಳಿ ಹೇಳಿದ ಮಾತು. ಅದರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಅವ್ವ ಬಾಗಿಲಲ್ಲೇ ನಿಂತಿದ್ದಳು. ಗಿಟಾರಿನ ಸುದ್ದಿ ಅವಳಿಗೆ ಬೇಕಿರಲಿಲ್ಲ.

"ಎಲ್ಲರ ತೋಟಕ್ಕೂ ನೀರಾಯ್ತು. ಪಕ್ಕದ ತೋಟದೋರು ಕೂಗಿ ಹೋದ್ರು. ನಮ್ಮ ಸಸಿಗೆ?"

"ಹೋಗಿದ್ವಿ" ಎಂದ ಅಪ್ಪ, ಕಾಲು ತೊಳೆಯುತ್ತ. "ಪಂಪಿನ ಮನೇಲಿ ಫ್ಯೂಸು ಹೋಗಿತ್ತು ಕಣೇ."

ಅವ್ವ ನನ್ನ ಕಡೆ ತಿರುಗಿದಳು. "ಹೌದೇನ್ಲಾ?"

"ಹೂಂ. ಹೋಗಿತ್ತು" ಎಂದೆ.

ಅಪ್ಪನ ಬಾಯಲ್ಲಿ ಸುಳ್ಳು ಬಂದದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಅವನಿಗೆ ಅದು ಬರುತ್ತಲೂ ಇರಲಿಲ್ಲ. ಹೇಳಿದ ಮೇಲೆ ಟವೆಲಿನಿಂದ ಒಣಗಿದ ಕಾಲನ್ನೇ ಮತ್ತೆ ಮತ್ತೆ ಒರೆಸಿದ. ಅವ್ವ ಹಾಳು ಫ್ಯೂಸಿಗೆ ಶಾಪ ಹಾಕುತ್ತ ಮುದ್ದೆ ಬಡಿಸಿದಳು.

ಬೆಳಗ್ಗೆ ಅವ್ವ ತೋಟಕ್ಕೆ ಬುತ್ತಿ ತರುವ ಹೊತ್ತಿಗೆ ಅಪ್ಪ ಪಂಪಿನ ಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಫ್ಯೂಸು ಕಳಚಿ, ಚೆನ್ನಾಗಿಯೇ ಇದ್ದ ತಂತಿಯನ್ನು ಬಿಚ್ಚಿ ತೆಗೆದು, ಹೊಸ ತಂತಿ ಕಟ್ಟುತ್ತಿದ್ದ. ನಾನು ಪಕ್ಕದಲ್ಲಿ ಕೂತು ತಂತಿಯ ತುದಿ ಹಿಡಿದುಕೊಂಡೆ. ಅವ್ವ ಬಾಗಿಲಿಗೆ ಬಂದು, "ಆಯ್ತಾ?" ಎಂದು ಕೇಳಿದಳು. "ಈಗ ಸರಿಯಾಯ್ತು" ಎಂದ ಅಪ್ಪ, ಹಳೆಯ ತಂತಿಯನ್ನು ಸುತ್ತಿ ನನ್ನ ಕೈಗೆ ಕೊಡುತ್ತ.